ಫೋಟೊ ತೆಗೆಯುವಾಗ ಅತ್ತೆ ಮನೆಯಲ್ಲಿರಲಿಲ್ಲ

ಸಂಜಯನಗರದ ನಮ್ಮ ಮನೆ ಮಾವ ಕಟ್ಟಿಸಿದ್ದು. ಅವರು ಹೋದ ಮೇಲೆ ಅಲ್ಲಿ ಉಳಿದವರು ನಾಲ್ಕು ಜನ: ನಾನು, ನನ್ನ ಗಂಡ, ಅತ್ತೆ, ಕಾಲೇಜಿಗೆ ಹೋಗುವ ಮಗಳು. ಅಡುಗೆಮನೆಯ ಸೋರಿಕೆ ನಿಲ್ಲಿಸಲು ಹೊರಟವರು ಇಡೀ ಮನೆಯನ್ನೇ ಹೊಸದು ಮಾಡಿಸುವ ಮಟ್ಟಕ್ಕೆ ಹೋದೆವು. ಇಂಟೀರಿಯರ್ ಡಿಸೈನರ್ ಹುಡುಗಿಯೊಬ್ಬಳು ಸಿಕ್ಕಳು. ಕೆಲಸದಲ್ಲಿ ಚುರುಕು, ಮಾತು ಮೃದು. ಅವಳು ತೋರಿಸಿದ ಚಿತ್ರಗಳಿಗೆ ಮನಸೋತವಳು ನಾನೇ, ಅದನ್ನು ಮುಚ್ಚಿಡುವುದಿಲ್ಲ.

ಬೂದು ಬಣ್ಣದ ಗೋಡೆ ಬಂತು, ಹಿಡಿಕೆಯಿಲ್ಲದ ಕಪಾಟುಗಳು ಬಂದವು. ಅಡುಗೆಮನೆಗೂ ಹಾಲ್‌ಗೂ ನಡುವೆ ಇದ್ದ ಗೋಡೆ ಹೋಯಿತು. ಒಗ್ಗರಣೆ ಹಾಕಿದರೆ ಟಿವಿ ನೋಡುತ್ತಿದ್ದವರೆಲ್ಲ ಕೆಮ್ಮುತ್ತಿದ್ದರು. ಗ್ರೈಂಡರ್‌ಗೆ ಜಾಗವಿಲ್ಲದೆ ಬಾಲ್ಕನಿಯಲ್ಲಿ ಕೂತು ಹಿಟ್ಟು ರುಬ್ಬುತ್ತಿದ್ದೆ. ಬಂದವರೆಲ್ಲ ಹೊಗಳುತ್ತಿದ್ದರಲ್ಲ, ಸುಮ್ಮನಿದ್ದೆ.

ಒಂದು ಮ್ಯಾಗಜೀನಿಗೆ ಮನೆಯ ಫೋಟೊ ಬೇಕಂತೆ ಎಂದು ಆ ಹುಡುಗಿ ಫೋನ್ ಮಾಡಿದಾಗ ಹಿಗ್ಗಿಹೋದೆ. ಬೆಳಿಗ್ಗೆ ಒಂಬತ್ತಕ್ಕೆ ಫೋಟೊ ತೆಗೆಯುವವರೊಡನೆ ಬಂದಳು. ಅತ್ತೆಗೆ ಮಂಡಿನೋವು, ತಗ್ಗಾದ ಹೊಸ ಸೋಫಾದಿಂದ ಏಳಲಾಗುತ್ತಿರಲಿಲ್ಲ. ಹಾಗಾಗಿ ಕಿಟಕಿಯ ಪಕ್ಕ ತಮ್ಮ ಮಡಚುವ ಮಂಚ ಹಾಕಿಸಿಕೊಂಡು ಬೀದಿ ನೋಡುತ್ತಾ ಕೂತಿದ್ದರು.

"ಮೇಡಂ, ಆ ಮಂಚ ಟೆರೇಸ್‌ಗೆ ಕಳಿಸ್ಬಿಡಿ. ಫ್ರೇಮಲ್ಲಿ ಬರುತ್ತೆ," ಎಂದಳು.

"ನಾನೆಲ್ಲಿ ಕೂತ್ಕೊಳ್ಲಮ್ಮ?" ಎಂದರು ಅತ್ತೆ.

"ಒಂದೇ ಗಂಟೆ ಅಜ್ಜಿ. ಪಕ್ಕದ್ಮನೆಗೆ ಹೋಗಿ ಬಂದ್ಬಿಡಿ."

ನಾನೇ ಅವರ ಕೈ ಹಿಡಿದು ಪಕ್ಕದ ಮನೆಯಲ್ಲಿ ಬಿಟ್ಟು ಬಂದೆ.

ಆಮೇಲೆ ಕುಕ್ಕರು, ಔಷಧಿ ಡಬ್ಬ, ಮಗಳ ಚಪ್ಪಲಿ ಎಲ್ಲ ಬಚ್ಚಲುಮನೆ ಸೇರಿದವು. ದೇವರ ಪಟಗಳನ್ನು ಇಳಿಸಿ ಆ ಗೂಡಿನಲ್ಲಿ ಒಣಹುಲ್ಲು ತುಂಬಿದ ಹೂಜಿ ಇಟ್ಟರು. ತಾವೇ ತಂದ ಪುಸ್ತಕಗಳನ್ನು ಹೆಸರು ಕಾಣದಂತೆ ಹಿಂದುಮುಂದಾಗಿ ಜೋಡಿಸಿದರು.

"ಹೆಸರು ಕಾಣೋದು ಬೇಡ್ವಾ?" ಎಂದೆ.

"ಬಣ್ಣ ಮ್ಯಾಚ್ ಆಗಲ್ಲ ಮೇಡಂ."

ಮಧ್ಯಾಹ್ನ ಮೂರಾದರೂ ಮುಗಿಯಲಿಲ್ಲ. ಪಕ್ಕದ ಮನೆಗೆ ಹೋಗಿ ನೋಡಿದರೆ ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದಾರೆ, ಪಾದ ಊದಿದೆ. ಮಧ್ಯಾಹ್ನದ ಮಾತ್ರೆ ನುಂಗಿಲ್ಲ; ಡಬ್ಬ ನಮ್ಮ ಬಚ್ಚಲಲ್ಲಿತ್ತು. "ಕೇಳಬೋದಿತ್ತು. ಅವ್ರ ಕೆಲಸ ಕೆಡುತ್ತೇನೋ ಅಂದ್ಕೊಂಡೆ," ಎಂದರು.

ನನಗೆ ಮೈ ಉರಿದುಹೋಯಿತು. ಅತ್ತೆಯನ್ನು ಮುಂಬಾಗಿಲಿನಿಂದಲೇ ಒಳಗೆ ಕರೆದುಕೊಂಡು ಬಂದೆ, ಕ್ಯಾಮೆರಾದ ಎದುರಿಗೇ.

"ಇನ್ನೊಂದೇ ಆಂಗಲ್ ಮೇಡಂ," ಎಂದಳು ಹುಡುಗಿ.

"ಇದು ಇವ್ರ ಗಂಡ ಕಟ್ಟಿಸಿದ ಮನೆ. ಇವ್ರು ಇರೋ ಫೋಟೊ ಬೇಕಾದ್ರೆ ತೆಗೀರಿ, ಇಲ್ಲಾಂದ್ರೆ ಹೊರಡಿ."

ಅಂಥ ಫೋಟೊ ಯಾರಿಗೂ ಬೇಕಿರಲಿಲ್ಲ. ದೀಪ, ಸ್ಟ್ಯಾಂಡು ಮಡಚಿಕೊಂಡು ಹೊರಟರು.

ಎರಡು ತಿಂಗಳ ಮೇಲೆ ಮ್ಯಾಗಜೀನ್ ಬಂತು. ಮೌನವನ್ನು ಪ್ರೀತಿಸುವ ದಂಪತಿಯ ಮನೆ ಎಂದು ಬರೆದಿದ್ದರು. ಅತ್ತೆಯಷ್ಟೇ ಅಲ್ಲ, ನನ್ನ ಮಗಳೂ ಆ ಮನೆಯಲ್ಲಿ ಇರಲಿಲ್ಲ. ಕೂಡಲೇ ಆ ಹುಡುಗಿಗೆ ಫೋನ್ ಮಾಡಿದೆ.

"ಅದು ಹಾಗೇ ಬರೀತಾರೆ ಮೇಡಂ, ಸ್ಟೋರಿ ಚೆನ್ನಾಗಿರ್ಲಿ ಅಂತ."

"ನಾಲ್ಕು ಜನ ಇದೀವಿ ಅಂತ ಬರೆದ್ರೆ ಗೋಡೆ ಬಣ್ಣ ಹೋಗುತ್ತೇನಮ್ಮ?"

ಎಂದು ಫೋನ್ ಇಟ್ಟೆ. ಅವಳಿಗೆ ಬೈದಷ್ಟು ಸುಲಭವಾಗಿ ನನಗೆ ನಾನು ಬೈದುಕೊಳ್ಳಲಾಗಲಿಲ್ಲ. ಕೈ ಹಿಡಿದು ಆಚೆ ಬಿಟ್ಟು ಬಂದವಳು ನಾನು.

ಮರುವಾರ ಬಡಗಿಯನ್ನು ಕರೆಸಿ, ಒಗ್ಗರಣೆಯ ಹೊಗೆ ಹಾಲ್‌ಗೆ ಬರದಂತೆ ಅಡುಗೆಮನೆಗೆ ಮರದ ಅಡ್ಡಗೋಡೆ ಹಾಕಿಸಿದೆ. ಡಿಸೈನೇ ಹಾಳಾಯಿತೆಂದು ಗಂಡ ಗೊಣಗಿದರು. ಅತ್ತೆ ಒಂದು ಮಾತು ಮಾತ್ರ ಕೇಳಿದರು: "ಅದಕ್ಕೊಂದು ಬಾಗಿಲು ಇಡಿಸ್ತೀಯಾ?" ಇಡಿಸಿದೆ.