ಪಂಪಿಗೆ ಉಸಿರು ಕಟ್ಟಿದ್ದು

ನಮ್ಮ ಮನೆಯಲ್ಲಿ ಪಂಪು ಎಂಬ ಮಾತನ್ನು ಆಡುವಂತಿಲ್ಲ. ಬೋರಿನದಾಗಲಿ, ಸ್ಟೌವಿನದಾಗಲಿ, ಸೈಕಲ್ಲಿನದಾಗಲಿ, ಎಲ್ಲವನ್ನೂ ನಾವು ಮೋಟ್ರು ಎಂದೇ ಕರೆಯುತ್ತೇವೆ. ಸೈಕಲ್ಲಿಗೆ ಮೋಟ್ರಿನಿಂದ ಗಾಳಿ ಹೊಡೆಯುವ ಮನೆ ಹೊಸಪೇಟೆಯಲ್ಲಿ ನಮ್ಮದೊಂದೇ ಇರಬೇಕು. ಈ ಕಟ್ಟಳೆ ಮಾಡಿದವಳು ನಾನು, ಮುರಿದವಳೂ ನಾನೇ. ಮುರಿದದ್ದರಿಂದ ಏನಾಯಿತು ಎಂದು ಹೇಳುವ ಮೊದಲು ನನ್ನ ಮೊಮ್ಮಗಳ ಹೆಸರು ಹೇಳಬೇಕು. ಅವಳು ಪಂಪಾ. ಮನೆಯಲ್ಲಿ, ಓಣಿಯಲ್ಲಿ, ಸಿಟ್ಟು ಬಂದಾಗ, ಬರದಿದ್ದಾಗ, ಪಂಪಿ.

ಹಂಪಿ ಇಷ್ಟು ಹತ್ತಿರ ಇರುವಾಗ ಹೆಣ್ಣಿಗೆ ಪಂಪಾ ಎಂದೂ ಗಂಡಿಗೆ ಪಂಪಾಪತಿ ಎಂದೂ ಇಡುವುದು ನಮ್ಮ ಕಡೆ ಹೊಸದಲ್ಲ. ಆದರೆ ತೊಟ್ಟಿಲಲ್ಲಿ ಹಾಕಿ ಹೆಸರು ಕರೆದಾಗ, ಈ ಹುಡುಗಿ ಮುಂದೊಂದು ದಿನ ಕಾರಿನ ಅಡಿ ಅಂಗಾತ ಮಲಗಿ ಪಂಪು ಬಿಚ್ಚುತ್ತಾಳೆಂದು ಯಾರಿಗೆ ಗೊತ್ತಿತ್ತು?

ಕಾರು ನನ್ನ ಗಂಡನದು. ದುಂಡು ಬೆನ್ನಿನ, ಬಿಳಿಯ, ಹೊಟ್ಟೆ ತುಂಬಿದ ಎಮ್ಮೆಯಂಥ ಹಳೆಯ ಕಾರು. ರೈಲು ಇಳಿದವರನ್ನು ಹಂಪಿಗೆ ಒಯ್ದು ತೋರಿಸಿ ತರುವುದು ಆತನ ಕಸುಬು. ಆತ ಹೋದ ಮೇಲೆ ಕಾರು ಹಿತ್ತಲ ಬೇವಿನ ಮರದಡಿ ನಿಂತಿತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡತೊಡಗಿತು. ನನಗೆ ಅದರ ಮೇಲೆ ಮಮತೆ ಏನೂ ಇರಲಿಲ್ಲ. ಮೊಟ್ಟೆ ಸಿಗುತ್ತಿತ್ತು, ಅಷ್ಟೇ.

ಪಂಪಿ ಡಿಪ್ಲೊಮಾ ಓದಿದವಳು. ಕುರೆಕುಪ್ಪದಲ್ಲಿ ರೂಮು ಮಾಡಿಕೊಂಡು ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಒಂದು ದಿನ ಚೀಲ ಹೊತ್ತು ಬಂದು, ಕೆಲಸ ಬಿಟ್ಟೆ, ತಾತನ ಕಾರು ಎಬ್ಬಿಸುತ್ತೇನೆ ಎಂದಳು. ಈಗ ಮದುವೆಗೆ ಮುಂಚೆ ಹಂಪಿಯ ಬಂಡೆಗಳ ನಡುವೆ ಫೋಟೋ ತೆಗೆಸಿಕೊಳ್ಳುವುದು ಒಂದು ಶಾಸ್ತ್ರವೇ ಆಗಿದೆಯಲ್ಲ, ಆ ಜೋಡಿಗಳಿಗೆ ಹಳೆಯ ಕಾರು ಬೇಕಂತೆ. ಒರಗಿ ನಿಲ್ಲಲು. ನಮ್ಮ ಕಾಲದಲ್ಲಿ ಗಂಡನಿಗೆ ಒರಗಿ ನಿಂತರೂ ಬೈಯುತ್ತಿದ್ದರು.

ಅವಳ ಅಪ್ಪ, ಅಂದರೆ ನನ್ನ ಮಗ ಬಸವರಾಜ, ಗೊಬ್ಬರದ ಅಂಗಡಿ ಇಟ್ಟವನು. ಕೆಲಸ ಬಿಟ್ಟ ಸುದ್ದಿ ಕೇಳಿ ಮಗಳ ಜೊತೆ ಮಾತು ಬಿಟ್ಟ. ಹೇಳುವುದನ್ನೆಲ್ಲ ನನಗೆ ಹೇಳುತ್ತಿದ್ದ. "ಯವ್ವಾ, ಆಕಿಗೆ ಹೇಳು, ಅದು ಕಾರಲ್ಲ, ಗುಜರಿ." ಆಕಿ ಎದುರಿಗೇ ಕೂತು ರೊಟ್ಟಿ ಮುರಿಯುತ್ತಿದ್ದಳು. "ಅಪ್ಪಗ ಹೇಳಜ್ಜಿ, ಗುಜರಿ ಎದ್ದು ಓಡ್ತೈತಿ." ನಾನು ಇಬ್ಬರಿಗೂ ಏನೂ ಹೇಳುತ್ತಿರಲಿಲ್ಲ. ಕಿವಿ ಇಬ್ಬರಿಗೂ ನೆಟ್ಟಗಿದ್ದವು.

"ಕಾರಿಗೆ ಇಂಜೆಕ್ಷನ್ ಮಾಡಿಸ್ತೀನಜ್ಜಿ" ಎಂದಳು ಒಂದು ದಿನ.

"ಯಾಕ, ಜ್ವರ ಬಂದೈತೇನು?" ಎಂದೆ. ತಮಾಷೆಗೆ ಅಂದದ್ದಲ್ಲ, ನನಗೆ ಗೊತ್ತಿರಲಿಲ್ಲ.

ಅವಳು ತಿಳಿಸಿ ಹೇಳಿದಳು. ಮೊದಲು ಮುಂದೆ ಕಾರ್ಬೊರೇಟರ್ ಎಂಬ ಬಟ್ಟಲಿತ್ತು. ಮುದುಕರು ಬಸಿಯಿಂದ ಚಹಾ ಹೀರಿದ ಹಾಗೆ ಎಂಜಿನ್ನು ಅದರಿಂದ ಪೆಟ್ರೋಲು ಹೀರುತ್ತಿತ್ತು. ಈಗ ಹಿಂದೆ ಟ್ಯಾಂಕಿನ ಪಕ್ಕ ಕರೆಂಟಿನ ಪಂಪು ಕೂತು ಪೆಟ್ರೋಲನ್ನು ಒತ್ತಿ ಕಳಿಸುತ್ತದೆ, ಮುಂದೆ ಸಣ್ಣ ಮೂತಿಗಳು ಎಂಜಿನ್ನಿಗೆ ಚಿಮುಕಿಸುತ್ತವೆ. ಒತ್ತಡ ಬಿದ್ದರೆ ಎಂಜಿನ್ನಿಗೆ ಉಪವಾಸ. ನನಗೆ ಒಪ್ಪಿಗೆಯಾದದ್ದು ಒಂದೇ ಸಂಗತಿ: ಕಾರಿನೊಳಗೆ ಪೆಟ್ರೋಲಿನ ಗಬ್ಬು ಹೋಯಿತು. ಆ ಗಬ್ಬಿಗೆ ನಾನು ಗಂಡ ಇರುವತನಕ ಹಂಪಿ ದಾರಿಯ ಒಂದು ಮರವನ್ನೂ ಬಿಡದೆ ವಾಂತಿ ಮಾಡಿದವಳು. ಟ್ಯಾಂಕಿನ ಮುಚ್ಚಳ ಕೂಡ ಹೊಸದು ಬಂದಿತ್ತು, ಕೀಲಿ ಹಾಕುವಂಥದು, ಕೀಲಿಯೂ ಅದರಲ್ಲೇ ಇತ್ತು, ತಿಕ್ಕಿದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಇದನ್ನೆಲ್ಲ ಜೋಡಿಸಿದ ಗ್ಯಾರೇಜಿನ ಮಿಸ್ತ್ರಿ ಹಾಕಿರಬೇಕು ಎಂದು ಪಂಪಿ ತಿಳಿದಳು. ಪಂಪಿ ತಂದಿರಬೇಕು ಎಂದು ಮಿಸ್ತ್ರಿ ತಿಳಿದ.

ಕಾರು ಓಡಿತು. ಆಮೇಲೆ ನಿಂತಿತು. ಹಂಪಿಗೆ ಹೋದರೆ ನಿಲ್ಲುವುದಿಲ್ಲ. ಅದಕ್ಕಿಂತ ದೂರದ ಕಂಪ್ಲಿಗೆ ಹೊರಟರೆ ಬುಕ್ಕಸಾಗರದ ಗದ್ದೆಗಳ ನಡುವೆ ಕೆಮ್ಮಿ, ಜಗ್ಗಾಡಿ, ನಿಲ್ಲುತ್ತದೆ. ಪಂಪಿ ಇಳಿದು ಮುಚ್ಚಳ ತೆಗೆದು ಪೆಟ್ರೋಲು ಇದೆಯೋ ಎಂದು ನೋಡುತ್ತಾಳೆ, ಬೇಕಾದಷ್ಟು ಇರುತ್ತದೆ. ಕೀಲಿ ತಿರುವಿದರೆ ಏನೂ ಆಗದವರ ಹಾಗೆ ಹೊರಡುತ್ತದೆ. ಇನ್ನೊಂದು ವಿಚಿತ್ರ ಕೇಳಿ: ಟ್ಯಾಂಕು ತುಂಬಿಸಿದ ದಿನ ಬೇಗ ನಿಲ್ಲುತ್ತದೆ, ಅರೆಹೊಟ್ಟೆ ಇದ್ದ ದಿನ ದೂರ ಹೋಗುತ್ತದೆ. ಉಂಡರೆ ಮಲಗುವ, ಹಸಿದರೆ ಓಡುವ ಗಂಡಸರನ್ನು ನಾನು ನೋಡಿದ್ದೇನೆ. ಕಾರನ್ನು ನೋಡಿರಲಿಲ್ಲ.

ಮಿಸ್ತ್ರಿ ಮನೆಗೆ ಬಂದಾಗ ಪಂಪಿ ಇರಲಿಲ್ಲ. ಜಗಲಿಯಲ್ಲಿ ಎಲೆಗೆ ಸುಣ್ಣ ಸವರುತ್ತ ಕೂತಿದ್ದ ನನಗೆ ಹೇಳಿದ: "ಅಮ್ಮಾ, ಪಂಪಿಗೆ ದಮ್ಮಿಲ್ಲ. ಹೊಸಾದು ತಂದುಬಿಡ್ರಿ." ನಾನು ಅವನ ಮೂರು ತಲೆಮಾರನ್ನು ಜಗಲಿಗೆ ಕರೆದೆ. ನಮ್ಮ ಹುಡುಗಿಗೆ ದಮ್ಮಿಲ್ಲ ಅನ್ನಲಿಕ್ಕೆ ನೀನ್ಯಾರು ಎಂದೆ. ಅವನು ಸ್ಪ್ಯಾನರು ಬಿಟ್ಟು ಓಡಿದ. ಅವತ್ತಿನಿಂದ ಮೋಟ್ರು.

ಬೈದವಳು ಸುಮ್ಮನಾದರೂ ಇರಬೇಕಿತ್ತು, ಇರಲಿಲ್ಲ. ಗಂಡನ ಕಾಲದಲ್ಲಿ ಪಂಪು ಮುಂದೆ ಎಂಜಿನ್ನಿನ ಪಕ್ಕದಲ್ಲೇ ಇತ್ತು. ನಮ್ಮ ಬಿಸಿಲಿಗೆ ಅದು ಕಾದು, ಪೆಟ್ರೋಲು ಆವಿಯಾಗಿ, ಕಾರು ನಿಲ್ಲುತ್ತಿತ್ತು. ಆತ ನನ್ನ ಹಳೆಯ ಸೀರೆಯ ಚೂರನ್ನು ನೆನೆಸಿ ಅದಕ್ಕೆ ಸುತ್ತುತ್ತಿದ್ದ. ನನ್ನ ಸೀರೆಗಳು ನನಗಿಂತ ಹೆಚ್ಚು ಊರು ನೋಡಿವೆ. ಆ ನೆನಪಿನಲ್ಲಿ ಬುಕ್ಕಸಾಗರದ ಹತ್ತಿರ ಕಾರು ನಿಂತಾಗ, ಪಂಪಿ ಹಿಂದೆ ಬಗ್ಗಿದ್ದನ್ನು ನೋಡಿ ನಾನು ಮುಂದಿನ ಬಾನೆಟ್ ಎತ್ತಿ, ಪಂಪಿನ ಹಾಗೆ ಕಂಡದ್ದಕ್ಕೆ ನೆನೆದ ಬಟ್ಟೆ ಹಿಂಡಿದೆ. ಅದು ಪಂಪಲ್ಲ, ಕಾರಿನ ಮಿದುಳಿನ ವಯರುಗಳಂತೆ. ಬರೀ ನಿಂತಿದ್ದ ಕಾರು ಈಗ ಕೀಲಿಗೂ ಓಗೊಡಲಿಲ್ಲ. ಅದು ಒಣಗುವವರೆಗೆ ನಾವಿಬ್ಬರೂ ಬದುವಿನ ಮೇಲೆ ಕೂತೆವು. ನಾಟಿ ಮಾಡುತ್ತಿದ್ದ ಹೆಣ್ಣುಮಕ್ಕಳು ಸೊಂಟ ನೆಟ್ಟಗೆ ಮಾಡಿಕೊಂಡು ನಮ್ಮನ್ನು ನೋಡಿದರು. "ಅಜ್ಜಿ, ಕಾರಿಗೆ ಎಣ್ಣಿ ನೀರು ಹಾಕಿದ್ರೇನು?" ಎಂದು ಒಬ್ಬಳು ಕೂಗಿದಳು. ಪಂಪಿ ನಕ್ಕಳು. ನಾನು ನಗಲಿಲ್ಲ.

ಅವತ್ತು ಸಂಜೆ ಬಸವರಾಜ ಗೋಡೆಗೆ ಹೇಳಿದ: "ಸಂಡೂರಿನ ಮದುವಿ ಮೆರವಣಿಗಿಗೆ ಕಾರು ಒಪ್ಪಿಕೊಂಡಾಳಂತ. ಮದುಮಕ್ಕಳ ಕೂಡ ದಾರ್ಯಾಗ ನಿಂತ್ರ ನಮ್ಮ ಮರ್ಯಾದಿ ಏನಾಗಬೇಕು? ಇನ್ನೊಂದು ಸಲ ನಿಂತ್ರ ಕಾರು ಗುಜರಿಗೆ, ಆಕಿ ಕಾರ್ಖಾನಿಗೆ." ಪಂಪಿ ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದಳು. ನಾನು ಅಯ್ಯೋ ಪಾಪ ಅನ್ನುವ ಜಾತಿಯವಳಲ್ಲ, ಆದರೂ ಆ ಅರ್ಧ ರೊಟ್ಟಿ ನನಗೆ ಚುಚ್ಚಿತು. ಜೋಳ ಈಗ ಏನು ಅಗ್ಗವೇ?

ಮದುವೆಯ ದಿನ ಅವಳು ಒತ್ತಡ ತೋರಿಸುವ ಮುಳ್ಳಿನ ಗಡಿಯಾರವೊಂದನ್ನು ಪೈಪಿಗೆ ಜೋಡಿಸಿ, ಮುಂದಿನ ಗಾಜಿನ ಹೊರಗೆ ಟೇಪು ಹಚ್ಚಿ ನಿಲ್ಲಿಸಿದಳು. "ಅಜ್ಜಿ, ನಾ ದಾರಿ ನೋಡ್ತೀನಿ, ನೀ ಮುಳ್ಳು ನೋಡು. ಬಿತ್ತಂದ್ರ ಹೇಳು." ಅದರ ಅಂಕಿ ಸಣ್ಣವು, ನನ್ನ ಕಣ್ಣು ಹಳೆಯವು. ಅಂಕಿ ಯಾರಿಗೆ ಬೇಕು, ಗಡಿಯಾರ ಅಂದ ಮೇಲೆ ಗಂಟೆ ಹೇಳಿದರಾಯಿತು. ಹೊರಟಾಗ ಹನ್ನೆರಡು ಗಂಟೆಯಾಗಿತ್ತು. ಊರು ದಾಟಿದರೂ ಹನ್ನೆರಡೇ. ಅದಿರಿನ ಲಾರಿಗಳ ಕೆಂಪು ಧೂಳು ಕುಡಿಯುತ್ತ ಸಂಡೂರಿನ ಏರು ಹತ್ತುವಾಗ ಹನ್ನೊಂದಾಯಿತು.

"ಹತ್ತಾತು ಪಂಪಿ. ಒಂಬತ್ತೂವರಿ. ಲೇ, ಎಂಟಕ್ಕ ಬಂತು, ಬೆಳಗು ಹರೀತೈತಿ!"

ಗಡಿಯಾರ ಹಿಂದಕ್ಕೆ ನಡೆದು ಕಾರು ನಿಂತಿತು. ಪಂಪಿ ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತಳು. ಆಮೇಲೆ ಎದ್ದು ಹಿಂದೆ ಹೋಗಿ ಎಂದಿನಂತೆ ಮುಚ್ಚಳ ತಿರುವಿದಳು. ಸುಯ್ ಎಂದಿತು.

"ಅದೊಂದು ಸಪ್ಪಳ ನಿಲ್ಲಿಸಲೇ ಮಾರಾಯ್ತಿ" ಎಂದೆ. "ಪ್ರತಿ ಸಲ ಸುಯ್ ಅಂತೈತಿ, ನನ್ನ ಹಲ್ಲು ಜುಮ್ ಅಂತಾವ."

"ಪ್ರತಿ ಸಲ ಅಂತೈತೇನು?"

"ಕಾರು ನಿಂತಾಗೆಲ್ಲ. ಮನ್ಯಾಗ ತೆಗದ್ರ ಅನ್ನಂಗಿಲ್ಲ."

ಅವಳು ನನ್ನನ್ನು ನೋಡಿದ ರೀತಿಗೆ, ನನ್ನ ಮೇಲೇ ಏನೋ ಹರಿದಾಡುತ್ತಿದೆ ಎಂದು ಸೆರಗು ಕೊಡವಿಕೊಂಡೆ. ಅವಳು ಕಾರು ಚಾಲೂ ಮಾಡಿ ಹೊರಟಳು. ಹನ್ನೆರಡು. ಸ್ವಲ್ಪ ದೂರದಲ್ಲಿ ಮತ್ತೆ ಹತ್ತಕ್ಕೆ ಇಳಿಯಿತು. ಎಂಜಿನ್ನು ಆರಿಸದೆಯೇ ಓಡಿಹೋಗಿ ಮುಚ್ಚಳ ತೆಗೆದಳು. ಸುಯ್. ನನ್ನ ಕಣ್ಣೆದುರಿಗೇ ಮುಳ್ಳು ಜಿಗಿದು ನಿಂತಿತು.

"ಹನ್ನೆರಡು ಹೊಡೀತಲೇ!" ಎಂದು ಕೂಗಿದೆ.

ವಿಷಯ ಇಷ್ಟೇ. ಹಳೆಯ ಮುಚ್ಚಳದಲ್ಲಿ ಗಾಳಿಗೆ ಒಂದು ತೂತಿತ್ತು, ಹೊಸ ಮುಚ್ಚಳ ರಬ್ಬರು ಕಚ್ಚಿ ಕೂತಿತ್ತು. ಪಂಪು ಪೆಟ್ರೋಲು ಎಳೆಯುತ್ತದೆ, ಖಾಲಿಯಾದ ಜಾಗಕ್ಕೆ ಗಾಳಿ ಬರುವುದಿಲ್ಲ, ಟ್ಯಾಂಕು ಪೆಟ್ರೋಲನ್ನು ಬಿಡದೆ ಒಳಗಿಂದ ಹಿಡಿದುಕೊಳ್ಳುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಯೇ ಕಡಿಮೆ, ಅದಕ್ಕೇ ಬೇಗ ನಿಲ್ಲುತ್ತಿತ್ತು. ನೋಡಲೆಂದು ಮುಚ್ಚಳ ತೆಗೆದ ಕೂಡಲೇ ರೋಗ ವಾಸಿ, ಹಾಗಾಗಿ ನೋಡಿದವರಿಗೆ ಯಾರಿಗೂ ಸಿಗುತ್ತಿರಲಿಲ್ಲ. ನಾನು ಮದುವೆಯಾಗಿ ಬಂದಂದಿನಿಂದ ಎಣ್ಣೆ ಡಬ್ಬಿಗೆ ಎರಡು ತೂತು ಹಾಕುತ್ತಿದ್ದೇನೆ, ಒಂದು ಎಣ್ಣೆಗೆ, ಒಂದು ಗಾಳಿಗೆ. ಒಂದೇ ತೂತು ಹಾಕಿದ ಸೊಸೆಗೆ ಬೈದಿದ್ದೇನೆ. ಹಂಪಿಯಲ್ಲಿ ಗೈಡುಗಳು ತೋರಿಸುವ ಕಲ್ಲಿನ ಕಾಲುವೆ ನೋಡಿ, ಕಂಬದ ಮೇಲೆ ನೀರು ಒಯ್ದಿದ್ದಾರಲ್ಲ, ಮೇಲೆ ಹಾಸು ಮುಚ್ಚದೆ ಗಾಳಿಗೆ ಬಿಟ್ಟದ್ದು ಒಳ್ಳೆಯದಾಯಿತು ಎಂದು ಅರಸರಿಗೂ ಶಾಭಾಸ್ ಹೇಳಿದ್ದೇನೆ. ಇಷ್ಟೆಲ್ಲ ಗೊತ್ತಿದ್ದೂ ನನಗೆ ಹೊಳೆಯಲಿಲ್ಲ, ಹಲ್ಲು ಜುಮ್ಮೆಂದದ್ದಷ್ಟೇ ಗೊತ್ತಾಯಿತು. ಅಡಿಗೆಮನೆಯ ತಿಳಿವಳಿಕೆ ಹೊಸಿಲು ದಾಟಿ ಕಾರು ಹತ್ತುವುದಿಲ್ಲ ಎಂದು ಕಾಣುತ್ತದೆ. ಅದಕ್ಕೂ ವಾಂತಿಯ ಭಯವೇನೋ.

ಪಂಪಿ ನನ್ನ ಸಂಚಿಯಿಂದ ಅಡಕತ್ತರಿ ಕಿತ್ತುಕೊಂಡು ಮುಚ್ಚಳದ ರಬ್ಬರಿಗೆ ಒಂದು ಕಚ್ಚು ಹಾಕಿದಳು. ಆ ವಾರವೆಲ್ಲ ನನ್ನ ಅಡಿಕೆ ಪೆಟ್ರೋಲು ನಾತ ಹೊಡೆಯಿತು.

ಖುಷಿ ತಡೆಯದೆ ಬಸವರಾಜನಿಗೆ ಫೋನು ಮಾಡಿದೆ. ಆತುರದಲ್ಲಿ ನನ್ನ ಕಟ್ಟಳೆ ನನಗೇ ಮರೆಯಿತು. "ಬಸ್ಯಾ, ಪಂಪಿಗೆ ಉಸಿರು ಕಟ್ಟಿತ್ತಲೇ! ಬಾಯಿ ತೆಗದ್ವಿ, ಸುಯ್ ಅಂತು, ಈಗ ಆರಾಮೈತಿ!" ಗುಡ್ಡದ ಸಂದಿನಲ್ಲಿ ಸಿಗ್ನಲ್ಲು ಎಲ್ಲಿ ಹೋಯಿತೋ. ಬಾಯಿ ತೆಗದ್ವಿ ಎಂಬಲ್ಲಿಗೆ ಮಾತು ಕಡಿದಿತ್ತೆಂದು ಆಮೇಲೆ ತಿಳಿಯಿತು.

ಸಂಡೂರಿನಲ್ಲಿ ಮದುಮಕ್ಕಳನ್ನು ಕೂರಿಸಿಕೊಂಡು ಪಂಪಿ ಮೆರವಣಿಗೆಗೆ ಹೋದಳು. ನಾನು ಚಪ್ಪರದಲ್ಲಿ ಕೂತು ಪಾಯಸ ಕುಡಿಯುತ್ತಿದ್ದೆ. ಧೂಳಿನ ಬೊಂಬೆಯೊಂದು ಬೈಕು ಇಳಿದು ಓಡಿ ಬಂತು. ನೋಡಿದರೆ ನನ್ನ ಮಗ. ಒಂದು ಕಾಲಿನಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಯಾರೋ ಗಿರಾಕಿಯದು.

"ಯವ್ವಾ, ಪಂಪಿ ಎಲ್ಲಿ? ಯಾವ ದವಾಖಾನಿ?"

"ದವಾಖಾನಿ ಯಾಕ? ಮೆರವಣಿಗ್ಯಾಗ ಅದಾಳ."

"ಉಸಿರು ಕಟ್ಟೈತಿ ಅಂದ್ಯಲ್ಲ!"

"ಅಂದೆ. ಆ ಪಂಪಿಗಲ್ಲಲೇ, ಮೋಟ್ರಿಗೆ."

ಅವನು ಅಲ್ಲೇ ನೆಲಕ್ಕೆ ಕುಸಿದ. ನಾನು ಪಾಯಸದ ಲೋಟ ಅವನ ಕೈಗಿಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಆ ದರಿದ್ರ ಮುಚ್ಚಳಕ್ಕೆ ಎರಡು ಬೈಗುಳವನ್ನೂ ಸೇರಿಸಿದೆ.

"ರಬ್ಬರು ಕತ್ತರಿಸಿದ್ರಾ?" ಎಂದು ಅವನು ಸೆಟೆದು ಕೂತ. "ಎಷ್ಟು ಅಂಗಡಿ ಅಡ್ಡಾಡಿ ತಂದಿದ್ದೆ! ಹಳೇದ್ರಾಗ ಪೆಟ್ರೋಲು ತುಳುಕ್ತಿತ್ತು. ಆಕಿ ಬೀಡಿ ಸೇದೋರ ನಡುವ ಗಾಡಿ ನಿಲ್ಲಿಸ್ತಾಳ, ಕಿಡಿಗಿಡಿ ಬಿದ್ರ…" ಅಲ್ಲಿಗೆ ನಾಲಿಗೆ ಕಚ್ಚಿಕೊಂಡ.

"ಗುಜರಿಗೆ ಹಾಕೋ ಗಾಡಿಗೆ ಹೊಸಾ ಮುಚ್ಚಳ ಯಾಕಲೇ ತಂದಿ?" ಎಂದೆ.

ಅವನು ಲೋಟಕ್ಕೆ ಮುಖ ಹಾಕಿ ಪಾಯಸ ಕುಡಿದ. ಮೆರವಣಿಗೆ ಮುಗಿಸಿ ಬಂದ ಪಂಪಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಅವಳೂ ಒಂದು ಲೋಟ ಪಾಯಸ ತೆಗೆದುಕೊಂಡು ಅದರೊಳಗೆ ಮುಖ ಹಾಕಿದಳು. ಇಬ್ಬರದೂ ಒಂದೇ ತಳಿ.

ಮರಳುವಾಗ ಅವನು ಬೈಕಿನಲ್ಲಿ ನಮ್ಮ ಹಿಂದೆಯೇ ಬಂದ, ಎಲ್ಲಿ ನಿಲ್ಲುತ್ತದೋ ನೋಡುತ್ತೇನೆ ಎನ್ನುವವನ ಹಾಗೆ. ಕಾರು ನಿಲ್ಲಲಿಲ್ಲ. ಗುಡ್ಡ ಇಳಿದು ಸಾಕಷ್ಟು ಬಂದ ಮೇಲೆ ಪಂಪಿ ಕನ್ನಡಿ ನೋಡಿ ಕಾರು ನಿಲ್ಲಿಸಿ, ಹಿಂದಕ್ಕೆ ಬಿಟ್ಟಳು. ನಿಂತದ್ದು ಬೈಕು. ಅವಸರದಲ್ಲಿ ಬಂದವನು ಪೆಟ್ರೋಲು ನೋಡಿಕೊಂಡಿರಲಿಲ್ಲ.

"ಅಪ್ಪಾ" ಎಂದಳು ಪಂಪಿ ಕಿಟಕಿಯಿಂದ ತಲೆ ಹಾಕಿ, "ಗುಜರಿಯವಗ ಫೋನ್ ಹಚ್ಚಲೇನು?"

ಬಸವರಾಜ ರೂಢಿಯಂತೆ ನನ್ನ ಕಡೆ ತಿರುಗಿ ಬಾಯಿ ತೆರೆದ. ನಾನು ಎಲೆಗೆ ಸುಣ್ಣ ಸವರುತ್ತ ಅತ್ತ ಮುಖ ಮಾಡಿದೆ. ಅವನು ಮಗಳಿಗೇ ಹೇಳಿದ:

"ಮುಚ್ಚಳ ತೆಗಿಯವ್ವ. ಒಂದು ಬಾಟ್ಲಿ ಎಳಿ."

ಅವಳು ಇಳಿದು ಹೋಗಿ ತೆಗೆದಳು. ಈ ಸಲ ಸುಯ್ ಅನ್ನಲಿಲ್ಲ.