ಬೆಟ್ಟಯ್ಯನ ಬೈರಿಗೆ, ನಾಯಂಡಹಳ್ಳಿಯ ಬಾವಿ

ನಾಯಂಡಹಳ್ಳಿಯ ಲಾರಿಗಳು ಇನ್ನೂ ಎದ್ದಿಲ್ಲ. ಮೈಸೂರು ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ, ಗೋಡೌನಿನ ಗೋಡೆಗೂ ಹಳೆಯ ಬಾವಿಗೂ ನಡುವೆ, ಬೆಟ್ಟಯ್ಯ ಪಂಚೆ ಎತ್ತಿ ಕಟ್ಟಿ ನೆಲಕ್ಕೆ ಬೈರಿಗೆ ಇಳಿಸುತ್ತಿದ್ದಾರೆ. ಬಡಗಿಯ ಬೈರಿಗೆ ಮರ ಕೊರೆದ ಹಾಗೆ ಇದು ಮಣ್ಣು ಕೊರೆಯುತ್ತದೆ. ಉದ್ದ ಮಾತ್ರ ಎರಡಾಳು. ಅಡ್ಡಹಿಡಿ ಹಿಡಿದು ಗಾಣದೆತ್ತಿನಂತೆ ಸುತ್ತುತ್ತಾರೆ, ಮೇಲೆತ್ತುತ್ತಾರೆ, ತುದಿಗೆ ಅಂಟಿದ ಕೆಮ್ಮಣ್ಣನ್ನು ಮೂಗಿನ ಹತ್ತಿರ ತರುತ್ತಾರೆ. ಮುಖ ಅರಳುತ್ತದೆ.

"ಮೊದಲ ಮಳೆ ಬಿದ್ದಾಗ ಬರುತ್ತಲ್ಲ ಸಾರ್, ಆ ವಾಸ್ನೆ. ಹೋದ್ ವರ್ಷ ಇದೇ ಜಾಗದಲ್ಲಿ ಡೀಸೆಲ್ ಡಬ್ಬ ಬಿಚ್ಚಿದಂಗಿತ್ತು."

ಮೂಗಿನ ತೀರ್ಪು ಸಾಲದು. ಮಣ್ಣು ಗಾಜಿನ ಬಾಟಲಿ ಸೇರಿ ರಾಜಾಜಿನಗರದ ಲ್ಯಾಬಿಗೆ ಹೋಗಬೇಕು. ಬಾವಿಯ ನೀರೂ ಅಷ್ಟೆ. ನೀರಿನ ಬಾಟಲಿಯನ್ನು ಅವರು ತುಳುಕುವವರೆಗೂ ತುಂಬಿಸಿ ಮುಚ್ಚಳ ತಿರುಗಿಸುತ್ತಾರೆ. "ಒಳಗೆ ಗಾಳಿಗೆ ಜಾಗ ಬಿಟ್ರೆ ಎಣ್ಣೆ ಅಂಶ ಅದಕ್ಕೆ ಸೇರ್ಕೊಳ್ಳುತ್ತೆ. ಆಮೇಲೆ ನೀರು ಸುಳ್ಳು ಹೇಳುತ್ತೆ."

ಬೆಟ್ಟಯ್ಯ ಮಲ್ಲತ್ತಹಳ್ಳಿಯವರು. ತಂದೆಯ ಜೊತೆ ಬಾವಿ ತೋಡಿ ಬೆಳೆದವರು. ಬೋರ್‌ವೆಲ್ ಲಾರಿಗಳು ಬಂದ ಮೇಲೆ ಆ ಕೆಲಸ ನಿಂತುಹೋಯಿತು. ಕಟ್ಟಡದ ಪಾಯದ ಮಣ್ಣನ್ನೂ ಕೆಟ್ಟ ನೀರನ್ನೂ ಪರೀಕ್ಷಿಸುವ ಆ ಲ್ಯಾಬಿನಲ್ಲಿ ಆಳಾಗಿ ಸೇರಿದರು. ದಿನಕ್ಕೆ ಎರಡು ಗುಂಡಿ. ಕಲ್ಲು ಸಿಕ್ಕರೆ ಒಂದೇ. ಅಂಗೈ ಒರಟಾಗಿದೆ, ಸಂಜೆಗೆ ಸೊಂಟ ಹಿಡಿಯುತ್ತದೆ. ಎಣ್ಣೆ ಸೋರಿದ ನೆಲದ ಹತ್ತಿರ ಬೆಂಕಿ ತರಬಾರದೆಂದು ಬೀಡಿಯನ್ನೂ ಬಿಟ್ಟಿದ್ದಾರೆ. "ಹೆಂಡ್ತಿ ಇಪ್ಪತ್ತು ವರ್ಷ ಬೇಡ್ಕೊಂಡ್ಲು, ಬಿಡ್ಲಿಲ್ಲ. ಡೀಸೆಲ್ ಒಂದೇ ದಿನಕ್ಕೆ ಬಿಡಿಸ್ತು," ಎಂದು ನಗುತ್ತಾರೆ.

ಈ ಬಾವಿ ಮುನಿಲಕ್ಷ್ಮಮ್ಮನವರದು. ಹೊಲಗಳೆಲ್ಲ ಗೋಡೌನುಗಳಾದರೂ ಅವರ ಮನೆ, ಎರಡು ಹಸು, ಬಾವಿ ಉಳಿದಿವೆ. ಓಣಿಯವರೆಲ್ಲ ಇದೇ ನೀರು ಸೇದುತ್ತಿದ್ದರು. ಹೋದ ವರ್ಷ, ಅಂದರೆ ಎಂಬತ್ತಾರರ ಬೇಸಿಗೆಯಲ್ಲಿ, ಹಸುಗಳು ಬಾನಿಗೆ ಬಾಯಿ ಹಾಕದೆ ಮುಖ ತಿರುಗಿಸಿದವು. ಮರುವಾರ ಕಾಫಿಯಲ್ಲೂ ವಾಸನೆ. ಮಗಳು ಸತ್ಯವತಿಯ ಮದುವೆ ಹತ್ತಿರ ಬಂದಿತ್ತು. ಮದುವೆಗೆ ಮುಂಚೆ ಗಂಗೆಪೂಜೆ ಮಾಡಿ ನೀರು ತರುವುದು ಈ ಬಾವಿಯಿಂದಲೇ. ಮುನಿಲಕ್ಷ್ಮಮ್ಮನ ಅತ್ತೆಯೂ ಹಾಗೇ ಮಾಡಿದ್ದರು. ಕೊಳಾಯಿಗೆ ಪೂಜೆ ಮಾಡಿ ಎಂದವರಿಗೆ ಅವರದು ಒಂದೇ ಉತ್ತರ: "ಗಂಗಮ್ಮ ಮಲಗವ್ಳೆ. ಎದ್ಮೇಲೆ ಮದ್ವೆ." ಕೆಂಗೇರಿಯ ಬೀಗರು ಕಾಯಲು ಒಪ್ಪಿದರು.

ದೂರು ಹೋಗಿ ಲ್ಯಾಬಿನವರು ಬಂದಾಗ ಓಣಿಯಲ್ಲಿ ಗುಲ್ಲೋ ಗುಲ್ಲು. "ನಿಧಿ ಸಿಕ್ತಾ ಅಂತ ಕೇಳೋರು ಸಾರ್. ಸಿಕ್ರೆ ನಿಮ್ಗೂ ಪಾಲು ಅಂತಿದ್ದೆ," ಎಂದು ಬೆಟ್ಟಯ್ಯ ನೆನೆಯುತ್ತಾರೆ. ಬಾವಿಯ ಪಕ್ಕದಿಂದ ಗೋಡೌನಿನ ಕಡೆಗೆ ಒಂದೊಂದೇ ಗುಂಡಿ ಕೊರೆಯುತ್ತ ಹೋದಂತೆ ವಾಸನೆ ಗಾಢವಾಯಿತು. ಗೋಡೆ ಬಂತು. ಒಳಗೆ ಲಾರಿಗಳಿಗೆ ಡೀಸೆಲ್ ತುಂಬಿಡುವ ನೆಲದಡಿಯ ಟ್ಯಾಂಕಿತ್ತು. ಮಾಲೀಕ ವೆಂಕಟರಮಣಪ್ಪ ಮೊದಲು ಗೇಟು ತೆಗೆಯಲಿಲ್ಲ; ಟ್ಯಾಂಕು ಹೊಸದು, ಸೋರುವುದಿಲ್ಲ ಎಂದರು. ಬೆಟ್ಟಯ್ಯ ವಾದಕ್ಕೆ ಹೋಗದೆ ಗೋಡೆಯ ಪಕ್ಕದ ಮಣ್ಣನ್ನು ಅವರ ಕೈಗಿಟ್ಟರು. ಅವರು ಮೂಸಿ ನೋಡಿ ತಾವೇ ಗೇಟು ತೆಗೆದರು. ಆಮೇಲೆ, "ನಮ್ ಡ್ರೈವರ್‌ಗಳೂ ಅದೇ ನೀರು ಕುಡಿಯೋದಲ್ಲಪ್ಪ. ಬನ್ನಿ, ಒಳಗೇ ಕೊರೀರಿ," ಎಂದರು.

ಟ್ಯಾಂಕು ಗಟ್ಟಿಯಾಗಿತ್ತು, ಪೈಪಿನ ಜಾಯಿಂಟು ಸೋರುತ್ತಿತ್ತು. ಪೈಪು ಬದಲಾಯಿತು. ಎಣ್ಣೆ ಹಿಡಿದ ಮಣ್ಣು ಲೋಡುಗಟ್ಟಲೆ ಹೊರಹೋಯಿತು. ತಿಂಗಳುಗಟ್ಟಲೆ ಪಂಪು ಹಚ್ಚಿ ಬಾವಿಯ ನೀರನ್ನು ಟ್ಯಾಂಕರುಗಳಲ್ಲಿ ಸಾಗಿಸಿದರು. ಬಾವಿಗೆ ಹೊಸ ನೀರು ಬಂತು. ಮಳೆಗಾಲ ಕಳೆಯಿತು, ಇನ್ನೊಂದು ಬೇಸಿಗೆಯೂ ಬಂತು.

ಆ ಬೆಳಿಗ್ಗೆ ಲಾರಿಗಳು ಏಳುವ ಮುಂಚೆ ನಾನು ಕಂಡದ್ದು ಕೊನೆಯ ಪರೀಕ್ಷೆ. ಅದರ ಫಲಿತಾಂಶವನ್ನು ಲ್ಯಾಬಿನ ಎಂಜಿನಿಯರ್ ಚಕ್ರಪಾಣಿ ತಾವೇ ಸ್ಕೂಟರಿನಲ್ಲಿ ತಂದರು. "ಎಣ್ಣೆ ಅಂಶ ಇಲ್ಲಮ್ಮ. ಧೈರ್ಯವಾಗಿ ಕುಡೀರಿ." ಮುನಿಲಕ್ಷ್ಮಮ್ಮ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳನ್ನು ನೋಡಿ ನಕ್ಕರು.

ಹದಿನೈದು ದಿನದೊಳಗೆ ಚಪ್ಪರ ಎದ್ದಿತು. ಗಂಗೆಪೂಜೆಯ ಬೆಳಿಗ್ಗೆ ವೆಂಕಟರಮಣಪ್ಪ ಒಂದೂ ಲಾರಿಯನ್ನು ಓಣಿಗೆ ಬಿಡಲಿಲ್ಲ; ವಾದ್ಯದವರಿಗೂ ಹೆಂಗಸರಿಗೂ ಇಡೀ ದಾರಿ. ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿದ ಮೇಲೆ ಮುನಿಲಕ್ಷ್ಮಮ್ಮ ಹಿಂದೆ ನಿಂತಿದ್ದ ಬೆಟ್ಟಯ್ಯನನ್ನು ಕರೆದರು.

"ಮೊದಲ್ನೇ ಕೊಡ ನೀವು ಸೇದಿಕೊಡಿ, ಅಣ್ಣ."

"ಶಾಸ್ತ್ರ ಹೆಂಗಸರದು ಕಣಮ್ಮ."

"ಶಾಸ್ತ್ರ ನಮ್ದು. ನೀರು ನೀವು ತಂದಿದ್ದು."

ಬೆಟ್ಟಯ್ಯ ಸೇದಿದರು. ಕೊಡ ಮದುಮಗಳ ಸೊಂಟಕ್ಕೆ ಹೋಯಿತು. ಹೆಂಗಸರು ಸೋಬಾನೆ ಹಾಡುತ್ತ ಮುಂದೆ ನಡೆದರು.

ಊಟವಾದ ಮೇಲೆ, ನಿಮಗೇನು ಆಸೆ ಎಂದು ಬೆಟ್ಟಯ್ಯನನ್ನು ಕೇಳಿದೆ. ಅವರು ಎಲೆ ಅಡಿಕೆ ಮಡಚುತ್ತ ಯೋಚಿಸಿದರು.

"ನಮ್ ನರಸಮ್ಮ ಅವ್ಳಲ್ಲ ಸಾರ್, ನನ್ ಹೆಂಡ್ತಿ, ಮಣ್ಣು ಮೂಸೋಕೂ ಸಂಬ್ಳ ಕೊಡ್ತಾರಾ ಅಂತ ಆಡ್ಕೊಂಡು ನಗ್ತಾಳೆ. ಒಂದಿನ ಬಸ್ಸಲ್ಲಿ ಕರ್ಕೊಂಡ್ ಬಂದು ಈ ಬಾವಿ ನೀರು ಒಂದ್ ಲೋಟ ಕೊಡ್ಬೇಕು. ನಾನೇನೂ ಹೇಳಲ್ಲ. ಕುಡಿದು ಅವ್ಳೇ ಹೇಳ್ಲಿ."