ಸಂತೆ ದಿನದ ಬಸ್ಸಿನ ವೇಳೆ

ನಮ್ಮದು ಹೊಸದುರ್ಗದಲ್ಲಿ ಜೆರಾಕ್ಸ್ ಅಂಗಡಿ. ಬಸ್ಸು ಎಷ್ಟೊತ್ತಿಗೆ ಎಂದು ಕೇಳುವವರಿಗೆಲ್ಲ ಹೇಳಿ ಹೇಳಿ ಸಾಕಾಗಿ, ಸುತ್ತಲಿನ ಬಸ್ಸುಗಳ ವೇಳೆಯನ್ನು ಒಂದು ಫೈಲಿನಲ್ಲಿ ಬರೆದು ವೆಬ್‌ಗೆ ಹಾಕಿದೆ. ಯಾರು ಬೇಕಾದರೂ ತಮ್ಮ ಆಪ್‌ಗೆ ಎಳೆದುಕೊಳ್ಳಬಹುದು. ಊರು, ವೇಳೆ, ದಾರಿ, ಅಷ್ಟೇ ಕಾಲಂ.

ಅಷ್ಟಕ್ಕೇ ಯಾರು ಬಿಟ್ಟಾರು? ಹಿರಿಯೂರಿನವರಿಗೆ ಟಿಕೆಟ್ ದರ ಬೇಕಾಯಿತು, ಚಿತ್ರದುರ್ಗದವರಿಗೆ ಕಂಡಕ್ಟರ್ ನಂಬರ್ ಬೇಕಾಯಿತು. ದಿನಾ ಜಗಳ ಯಾರಿಗೆ ಬೇಕೆಂದು ಒಂದು ನಿಯಮ ಮಾಡಿದೆ: ಬೇಕಾದ ಕಾಲಂ ಸೇರಿಸಿಕೊಳ್ಳಿ, ಗೊತ್ತಿಲ್ಲದ ಕಾಲಂ ಕಂಡರೆ ಆಪ್ ಅದನ್ನು ಬಿಟ್ಟು ಮುಂದಕ್ಕೆ ಓದಬೇಕು.

ಶ್ರೀರಾಂಪುರದ ಬೆಳಗಿನ ಬಸ್ಸು ಸಂತೆಯ ದಿನ ಮಾಡದಕೆರೆ ಸುತ್ತಿಕೊಂಡು ಹೋಗುತ್ತದೆ. ಟಾಪಿನ ಮೇಲೆ ಚೀಲ ಹೇರಬೇಕಲ್ಲ, ಅದಕ್ಕೇ ಅರ್ಧ ಗಂಟೆ ಮೊದಲೇ ಹೊರಡುತ್ತದೆ. ಹೊಳಲ್ಕೆರೆಯ ಮೇಷ್ಟ್ರೊಬ್ಬರು ಆ ದಿನದ ವೇಳೆ ಬರೆಯಲೆಂದೇ ‘ಸಂತೆ’ ಎಂಬ ಕಾಲಂ ಸೇರಿಸಿದರು. ನಾನೂ ಹೂಂ ಅಂದೆ.

ಶ್ರೀರಾಂಪುರದಲ್ಲಿ ನನ್ನ ಅಕ್ಕ ಇದ್ದಾಳೆ. ಡಯಾಲಿಸಿಸ್‌ಗೆ ಅದೇ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗುವವಳು. ಅವಳದು ಹಳೇ ಫೋನು, ಹಳೇ ಆಪು. ಸಂತೆಯ ದಿನ ಬೆಳಿಗ್ಗೆ ಫೋನ್ ಬಂತು.

“ಲೇ, ಇದ್ರಾಗೆ ಏಳೂವರೆ ಅಂತ ಐತೆ. ಬಸ್ಸು ಏಳಕ್ಕೇ ಹೋತಂತೆ. ಏನ್ ಬರ್ದೀಯೇ ನೀನು?”

ಅವಳು ಲಗೇಜ್ ಆಟೋ ಹಿಡಿದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವಳ ಪಾಳಿ ಬೇರೆಯವರಿಗೆ ಹೋಗಿತ್ತು. ನಾಳೆ ಬನ್ನಿ ಎಂದರಂತೆ. ಸಂಜೆ ನಾನು ಅವಳ ಮನೆಗೆ ಹೋಗಿ ನೋಡಿದರೆ ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಉಸಿರು ಎಳೆದೆಳೆದು ಮಾತಾಡುತ್ತಿದ್ದಳು.

ಅಲ್ಲಿಂದಲೇ ಮೇಷ್ಟ್ರಿಗೆ ಫೋನ್ ಮಾಡಿದೆ.

“ನಾನ್ ಸರಿಯಾಗೇ ಹಾಕೀನ್ ಕಣ್ರೀ ಮೇಡಂ. ಗೊತ್ತಿಲ್ದಿದ್ದು ಬಿಟ್ ಓದು ಅಂದೋರು ನೀವೇ. ಹಳೇ ಆಪು ಸಂತೆ ಕಾಲಂ ಬಿಟ್ ಓದೇತೆ.”

ಅವರ ಮಾತು ನಿಜ. ದರ ಕಾಣದಿದ್ದರೆ ಬಸ್ಸೇನೂ ತಪ್ಪುವುದಿಲ್ಲ. ಸಂತೆ ಕಾಣದಿದ್ದರೆ ಪಕ್ಕದಲ್ಲಿರುವ ವೇಳೆಯೇ ಸುಳ್ಳಾಗುತ್ತದೆ. ಇಂಥದ್ದನ್ನು ಹೆಚ್ಚುವರಿ ಕಾಲಂನಲ್ಲಿ ಇಡಬಾರದಿತ್ತು.

“ಇನ್ಮೇಲೆ ಸಂತೆ ದಿನ ವೇಳೆ ಕಾಲಮ್ಮನ್ನೇ ಬದಲಾಯ್ಸಾಣ ಸಾರ್,” ಅಂದೆ.

“ವಾರವಾರ ಯಾರು ತಿದ್ದೋರು?”

ಇನ್ನಾರು, ನಾನೇ. ಅಕ್ಕನಿಗೆ ಹೊಸ ಫೋನ್ ತಂದುಕೊಡುತ್ತೇನೆಂದೆ. “ಬ್ಯಾಡ ಕಣೇ, ಇದು ಕೈಗೆ ಹೊಂದೇತೆ,” ಅಂದಳು. ಅಂಥ ಹಳೇ ಫೋನುಗಳು ಇನ್ನೆಷ್ಟು ಮನೆಯಲ್ಲಿವೆಯೋ, ಯಾರಿಗೆ ಗೊತ್ತು.

ಈಗ ಸಂತೆಯ ಹಿಂದಿನ ಸಂಜೆ ಅಂಗಡಿ ಬಾಗಿಲು ಹಾಕುವ ಮುಂಚೆ ವೇಳೆ ತಿದ್ದುತ್ತೇನೆ, ಸಂತೆ ಮುಗಿದ ಮೇಲೆ ಮತ್ತೆ ಮೊದಲಿನಂತೆ ಮಾಡುತ್ತೇನೆ. ಬೆನ್ನು ನೋಯುವ ಕೆಲಸವೇನಲ್ಲ, ಆದರೂ ಮರೆಯುವ ಹಾಗಿಲ್ಲವಲ್ಲ ಎಂಬುದೇ ಒಂದು ಭಾರ. ಸಂಜೆ ತಿದ್ದಿ ಮುಗಿಸುವಷ್ಟರಲ್ಲಿ ಅಕ್ಕನ ಫೋನ್ ಬರುತ್ತದೆ.

“ತಿದ್ದಿದ್ಯೇನೇ?”

“ತಿದ್ದೀನಿ ಕಣಕ್ಕ. ಏಳು ಗಂಟೆ.”

“ಹೂಂ, ಫೋನಾಗೂ ಏಳು ಅಂತ್ಲೇ ಐತೆ. ಕಂಡಕ್ಟ್ರನ್ನೂ ಕೇಳೀನಿ ಬಿಡು.”